ಬ್ಯಾಗಿಗೆ ಇನ್ಹೇಲರ್ ಹಾಕಿ ಕಳಿಸಿದರೆ ಸಾಲದು: ಅಮೆರಿಕದ ಶಾಲೆಗೆ ಮಕ್ಕಳನ್ನು ಸೇರಿಸುವ ಹೊಸಬರಿಗೆ

ನಾವು ಇಲ್ಲಿಗೆ ಬಂದ ಮೊದಲ ವರ್ಷ. ಮಗ ಎರಡನೇ ಕ್ಲಾಸು, ಅವನಿಗೆ ಆಸ್ತಮಾ. ಊರಿಂದ ತಂದ ಆಸ್ತಾಲಿನ್ ಇನ್ಹೇಲರನ್ನು ಅವನ ಬ್ಯಾಗಿನ ಜೇಬಿಗೆ ಹಾಕಿ ನಿಶ್ಚಿಂತೆಯಿಂದ ಕಳಿಸಿದ್ದೆ. ಮಧ್ಯಾಹ್ನ ಶಾಲೆಯ ನರ್ಸ್ ಫೋನ್ ಮಾಡಿದರು. ಓಡಿಹೋಗಿ ನೋಡಿದರೆ ಇನ್ಹೇಲರ್ ಅವರ ಮೇಜಿನ ಮೇಲಿದೆ, ಮಗ ಎದುರಿನ ಕುರ್ಚಿಯಲ್ಲಿ ಸುಂಯ್ ಸುಂಯ್ ಎನ್ನುತ್ತಾ ಕೂತಿದ್ದಾನೆ. ಕಾಗದ ಇಲ್ಲದೆ ಅವರು ಕೊಡುವ ಹಾಗಿಲ್ಲ. ನಾನೇ ಎರಡು ಪಫ್ ಕೊಟ್ಟೆ. ಸಿಟ್ಟೇನೋ ಬಂತು, ಆದರೆ ತಪ್ಪು ನನ್ನದೇ.

ಆಸ್ತಾಲಿನ್‌ನಲ್ಲಿರುವ ಸಾಲ್ಬುಟಮಾಲನ್ನೇ ಇಲ್ಲಿ ಆಲ್ಬ್ಯುಟೆರಾಲ್ ಅನ್ನುತ್ತಾರೆ. ಔಷಧಿ ಒಂದೇ. ಆದರೆ ಮಗುವಿನ ಹೆಸರಿರುವ ಇಲ್ಲಿನ ಫಾರ್ಮಸಿಯ ಲೇಬಲ್ ಅದರ ಮೇಲಿಲ್ಲ ಅಂದರೆ ಶಾಲೆಗೆ ಅದು ಯಾವುದೋ ಡಬ್ಬಿ, ಅಷ್ಟೇ.

ಹಾಗಾಗಿ ಶಾಲೆ ಶುರುವಾಗುವ ಮೊದಲೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಶಾಲೆಯ ಔಷಧಿ ಫಾರ್ಮಿಗೆ ಅವರ ಸಹಿ ಬೇಕು, ನಿಮ್ಮದೂ ಬೇಕು. ಜೊತೆಗೆ ಆಸ್ತಮಾ ಆಕ್ಷನ್ ಪ್ಲಾನ್ ಬರೆಸಿಕೊಳ್ಳಿ. ಒಂದೇ ಹಾಳೆ, ಮೂರು ಬಣ್ಣ: ಹಸಿರು ಅಂದರೆ ಆರಾಮ, ಹಳದಿ ಅಂದರೆ ಕೆಮ್ಮು, ಉಬ್ಬಸ ಶುರು, ಕೆಂಪು ಅಂದರೆ ಔಷಧಿ ಕೊಟ್ಟು ಇಲ್ಲಿನ ತುರ್ತು ನಂಬರ್ 911ಕ್ಕೆ ಕರೆ ಮಾಡುವ ಹೊತ್ತು. ಶಾಲೆಗೊಂದು, ಮನೆಗೊಂದು ಇನ್ಹೇಲರ್ ಬರೆದುಕೊಡಿ ಅಂತ ಬಾಯಿಬಿಟ್ಟು ಕೇಳಿ. ಸ್ಪೇಸರ್, ಅಂದರೆ ಇನ್ಹೇಲರಿಗೆ ಸಿಕ್ಕಿಸಿ ಔಷಧಿ ಎಳೆದುಕೊಳ್ಳುವ ಕೊಳವೆ, ಅದೂ ಎರಡು. ಈ ಕಾಗದಗಳನ್ನು ಪ್ರತಿ ವರ್ಷ ಹೊಸದಾಗಿ ಕೊಡಬೇಕು.

ಒಂದು ಮಾತು, ಬೇಜಾರಾಗಬೇಡಿ. ನಮ್ಮವರು ಆಸ್ತಮಾ ಅನ್ನುವ ಪದಕ್ಕೇ ಹೆದರುತ್ತೇವೆ. 'ಸ್ವಲ್ಪ ವೀಜಿಂಗ್ ಇದೆ' ಅಂತ ತೇಲಿಸಿಬಿಡುತ್ತೇವೆ. ಇನ್ಹೇಲರ್ ಅಭ್ಯಾಸ ಆಗಿಬಿಡುತ್ತೆ ಅಂತ ಅಜ್ಜಿ ಫೋನಿನಲ್ಲೇ ಬೈಯುತ್ತಾರೆ. ಅದು ಚಟ ಹಿಡಿಸುವ ಔಷಧಿ ಅಲ್ಲ. ಫಾರ್ಮಿನಲ್ಲಿ ಆಸ್ತಮಾ ಅಂತಲೇ ಬರೆಯಿರಿ.

ಮಗು ತಾನೇ ಇನ್ಹೇಲರ್ ಇಟ್ಟುಕೊಳ್ಳಬಹುದಾ? 50 ರಾಜ್ಯಗಳಲ್ಲೂ ಅದಕ್ಕೆ ಕಾನೂನು ಇದೆ, ಡಾಕ್ಟರೂ ನೀವೂ ಒಪ್ಪಿ ಬರೆದುಕೊಟ್ಟರೆ. ನನ್ನ ಕೇಳಿದರೆ, ಚಿಕ್ಕ ಮಕ್ಕಳದ್ದು ನರ್ಸ್ ಹತ್ತಿರವೇ ಇರಲಿ. ಅಲುಗಾಡಿಸಿ, ಸ್ಪೇಸರಿಗೆ ಸಿಕ್ಕಿಸಿ, ನಿಧಾನವಾಗಿ ಎಳೆದು, ಹತ್ತು ಎಣಿಸುವಷ್ಟು ಉಸಿರು ಹಿಡಿಯುವುದು ಯಾರೂ ಹೇಳಿಕೊಡದೆ ಬಂದರೆ ಆಗ ಕೈಗೆ ಕೊಡಿ.

ಇದಕ್ಕಿಂತ ಮುಖ್ಯವಾದದ್ದು ಮಾತು. ಅವತ್ತು ನನ್ನ ಮಗ ಟೀಚರ್ ಹತ್ತಿರ ಹೋಗಿ ಎದೆ ಹಿಡ್ಕೊಂಡಿದೆ ಅನ್ನುವುದನ್ನು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದ್ದನಂತೆ. ಅವರಿಗೆ ಅರ್ಥವೇ ಆಗಿಲ್ಲ, ಸುಸ್ತಾಗಿರಬೇಕು ಅಂತ ನೀರು ಕುಡಿಸಿ ಕೂರಿಸಿದ್ದಾರೆ. ಮನೆಗೆ ಬಂದ ಮೇಲೆ ಒಂದೇ ವಾಕ್ಯ ಕಲಿಸಿದೆ: 'ಐ ನೀಡ್ ಮೈ ಇನ್ಹೇಲರ್.' ಊಟದ ಮುಂಚೆ, ಮಲಗುವ ಮುಂಚೆ, ಕಾರಿನಲ್ಲಿ, ಸುಮ್ನೆ ಆಟದ ಹಾಗೆ ಹೇಳಿಸುತ್ತಿದ್ದೆ. ಮಾತಾಡಲೂ ಆಗದಿದ್ದರೆ ಕೈಯಲ್ಲಿ ಪಫ್ ಒತ್ತುವ ಸನ್ನೆ. ಆ ಸನ್ನೆಯನ್ನು ಟೀಚರಿಗೂ ತೋರಿಸಿದೆವು. ಔಷಧಿ ತೆಗೆದುಕೊಂಡ ಮೇಲೆ ಕೈ ನಡುಗಬಹುದು, ಎದೆ ಡವಡವ ಅನ್ನಬಹುದು, ಇದನ್ನೂ ಅವರಿಗೆ ಮೊದಲೇ ಹೇಳಿಡಿ.

ಎಡವಟ್ಟಾಗುವುದು ಸಾಮಾನ್ಯವಾಗಿ ನರ್ಸ್ ಇಲ್ಲದ ಹೊತ್ತಿನಲ್ಲಿ. ಶಾಲೆ ಬಿಟ್ಟ ಮೇಲಿನ ಕೇರ್, ಫೀಲ್ಡ್ ಟ್ರಿಪ್, ಬಸ್ಸು. ಆಗ ಇನ್ಹೇಲರ್ ಯಾರ ಕೈಯಲ್ಲಿ ಇರುತ್ತದೆ ಅಂತ ಒಂದೊಂದಾಗಿ ಕೇಳಿ. ಆಟದ ಪೀರಿಯಡ್‌ಗೆ ಮೊದಲು ಪಫ್ ಬೇಕು ಅಂತ ಡಾಕ್ಟರ್ ಹೇಳಿದ್ದರೆ ಅದು ಫಾರ್ಮಿನಲ್ಲಿ ಬರೆದಿರಬೇಕು. ಆಸ್ತಮಾ ಕೆರಳದಂತೆ ದಿನಾ ತೆಗೆದುಕೊಳ್ಳುವ ತಡೆ ಇನ್ಹೇಲರ್ ಸಾಮಾನ್ಯವಾಗಿ ಮನೆಯಲ್ಲೇ ಆಗುತ್ತದೆ, ಆಮೇಲೆ ಬಾಯಿ ಮುಕ್ಕಳಿಸಲು ಮರೆಯಬೇಡಿ.

ಸೆಪ್ಟೆಂಬರಿನಲ್ಲಿ ಜಾಸ್ತಿ ಹುಷಾರಾಗಿರಿ. ಮಕ್ಕಳೆಲ್ಲ ಒಟ್ಟಿಗೆ ಸೇರಿದ ಮೇಲೆ ನೆಗಡಿ ಹರಡಿ, ಆಸ್ತಮಾ ಕೆರಳುವ ಕಾಲ ಅದು. ಇನ್ಹೇಲರ್ ಎಷ್ಟು ಸಲ ಬೇಕಾಯಿತು ಅಂತ ನರ್ಸ್ ಹತ್ತಿರ ಆಗಾಗ ಲೆಕ್ಕ ಕೇಳಿ. ಆಟಕ್ಕೆ ಮೊದಲಿನ ಪಫ್ ಬಿಟ್ಟು, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ ಅಂತ ಅರ್ಥ, ಡಾಕ್ಟರಿಗೆ ತೋರಿಸಿ. ವರ್ಷದ ಕೊನೆಗೆ ಇನ್ಹೇಲರ್ ವಾಪಸ್ ತನ್ನಿ, ಅಲ್ಲೇ ಬಿಟ್ಟರೆ ಶಾಲೆಯವರು ಎಸೆದುಬಿಡಬಹುದು. ತಂದ ಕೂಡಲೇ ಎಷ್ಟು ಪಫ್ ಉಳಿದಿದೆ ಅಂತ ತೋರಿಸುವ ಹಿಂಬದಿಯ ಕೌಂಟರ್ ನೋಡಿ, ಸೊನ್ನೆಯ ಹತ್ತಿರ ಇದ್ದರೆ ರಜೆಯಲ್ಲೇ ಹೊಸದು ಬರೆಸಿಕೊಳ್ಳಿ.