ಚರ್ಚಿನ ಸಭೆಯಲ್ಲಿ ಒಡನಾಟ ಬೆಳೆಸುವುದು ಹೇಗೆ?

ಕೆಲಸಕ್ಕೋ ಓದಿಗೋ ಬೆಳಗಾವಿಗೆ ಬಂದ ಕ್ರೈಸ್ತ ಕುಟುಂಬ ಎರಡು ಭಾನುವಾರ ಚರ್ಚಿಗೆ ಬರುತ್ತದೆ. ಮೂರನೆಯ ಭಾನುವಾರ ಕಾಣುವುದಿಲ್ಲ. ಸಭೆಯವರು ಕೈ ಕುಲುಕಿ ‘ಬರ್ತಾ ಇರ್ರಿ’ ಅಂದಿರುತ್ತಾರೆ, ಅಷ್ಟೇ. ನಮ್ಮ ಎಷ್ಟೋ ಸಭೆಗಳಲ್ಲಿ ಹೀಗೇ ಆಗುತ್ತಿದೆ.

ಮೊದಲು ನಿಮ್ಮ ಖಾಯಂ ಬೆಂಚು ಬಿಟ್ಟು ಹೊಸಬರ ಪಕ್ಕ ಕೂರಿ. ಹಾಡಿನ ಪುಸ್ತಕವನ್ನು ಪುಟ ತೆಗೆದೇ ಕೈಗೆ ಕೊಡಿ. ಇಲ್ಲಿ ಕನ್ನಡ, ಮರಾಠಿ, ಕೊಂಕಣಿ ಎಲ್ಲ ಮಾತಾಡುವ ಕ್ರೈಸ್ತರಿದ್ದಾರೆ. ಮನೆಯಲ್ಲಿ ಯಾವ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಾರೆ ಎಂದು ಕೇಳಿಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾಟ್ಸಾಪ್ ಗ್ರೂಪಿಗೆ ಸೇರಿಸಿದರೆ ಕೆಲಸ ಆಯಿತು ಎಂದುಕೊಳ್ಳಬೇಡಿ. ದಿನಾ ಬೆಳಿಗ್ಗೆ ಗುಲಾಬಿ ಚಿತ್ರದ ಮೇಲೆ ಬೈಬಲ್ ವಚನ ಬಂದು ಬೀಳುವ ಗ್ರೂಪನ್ನು ಎಲ್ಲರೂ ಮ್ಯೂಟ್ ಮಾಡುತ್ತಾರೆ. ಆರಾಧನೆಯ ಸಮಯ, ಸಾವಿನ ಸುದ್ದಿ, ರಕ್ತ ಬೇಕಾದರೆ ಕರೆ, ಇಷ್ಟಕ್ಕೆ ಗ್ರೂಪ್ ಇರಲಿ.

ಮುಂದಿನ ಹೆಜ್ಜೆ ಮನೆ ಭೇಟಿ. ಜಾಸ್ತಿ ಜನ ಕೆಡಿಸುವುದು ಇಲ್ಲೇ. ಏಳೆಂಟು ಜನ ಒಟ್ಟಿಗೆ ನುಗ್ಗಬೇಡಿ, ಇಬ್ಬರು ಸಾಕು. ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಮೊದಲೇ ಫೋನ್ ಮಾಡಿ. ಭಾನುವಾರ ಮಧ್ಯಾಹ್ನ ಬೇಡವೇ ಬೇಡ, ಅದು ಅವರು ಮಲಗುವ ಹೊತ್ತು. ಕಾಣಿಕೆಯ ರಶೀದಿ ಪುಸ್ತಕ ನಿಮ್ಮ ಮನೆಯಲ್ಲೇ ಬಿಟ್ಟು ಹೋಗಿ. ಅದು ಚೀಲದಿಂದ ಇಣುಕಿದರೂ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಕೂತ ಕೂಡಲೇ ‘ಯಾಕ್ರಿ, ಚರ್ಚಿಗೆ ಬರವಲ್ರಿ?’ ಎಂದು ಕೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಕಾರಣ ಜಗಳವೋ ಸಾಲವೋ ಕಾಯಿಲೆಯೋ ಆಗಿದ್ದರೆ ಆ ಮನೆಯವರು ಸುಳ್ಳು ಹೇಳಬೇಕಾಗುತ್ತದೆ, ಆಮೇಲೆ ನಿಮ್ಮ ಮುಖ ತಪ್ಪಿಸುತ್ತಾರೆ. ‘ಅಕ್ಕಾರ, ಅವ್ವಾರ ಮೊಣಕಾಲ ನೋವು ಈಗ ಹೆಂಗೈತ್ರಿ?’ ಎಂದು ಕೇಳಿ. ಕೇಳಿ ಸುಮ್ನೆ ಕೂರಿ. ಚಹಾ ಕೊಟ್ಟರೆ ಕುಡಿಯಿರಿ. ಮಾತು ನಿಂತಾಗ ಉಪದೇಶ ತುಂಬಲು ಹೋಗಬೇಡಿ, ಅವರೇ ಮುಂದುವರಿಸುತ್ತಾರೆ.

ಏಳುವಾಗ ‘ಪ್ರಾರ್ಥನೆ ಮಾಡೋಣೇನ್ರಿ?’ ಎಂದು ಕೇಳಿ. ಒಪ್ಪಿದರೆ ಅವರ ಭಾಷೆಯಲ್ಲಿ, ಆ ಮನೆಯವರ ಹೆಸರು ಹೇಳಿ ಎರಡು ನಿಮಿಷ ಮಾಡಿ. ಅವರ ತಪ್ಪನ್ನು ದೇವರಿಗೆ ಹೇಳುವ ನೆಪದಲ್ಲಿ ಅವರಿಗೇ ಬುದ್ಧಿ ಹೇಳಬಾರದು. ಅಲ್ಲಿ ಕೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಪ್ರಾರ್ಥನಾ ಕೂಟದಲ್ಲಿ ಎತ್ತಬೇಡಿ.

ಹೊರಗೆ ಬಂದ ಮೇಲೆ ಒಂದು ವಹಿಯಲ್ಲಿ ಬರೆದಿಡಿ: ಮಗಳ ಪರೀಕ್ಷೆ ಯಾವಾಗ, ಅಜ್ಜಿಯ ಆಪರೇಷನ್ ಯಾವಾಗ. ಆ ದಿನ ಕಳೆದ ಮೇಲೆ ಮತ್ತೆ ಹೋಗಿ. ಎರಡನೆಯ ಭೇಟಿಯಲ್ಲೇ ಮನೆಯವರು ನಿಮ್ಮನ್ನು ನಂಬಲು ಶುರುಮಾಡುವುದು. ಅದು ಆಗದಿದ್ದರೆ ಮೊದಲನೆಯದು ಬರೀ ಹಾಜರಿ.

ಇನ್ನು ಬೇರೆ ಸಭೆಗಳ ಜೊತೆ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲೇ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸೇಂಟ್ ಮೇರಿಸ್ ಚರ್ಚ್ ಇದೆ, ಕಥೋಲಿಕರ ಫಾತಿಮಾ ಕ್ಯಾಥೆಡ್ರಲ್ ಇದೆ. ಊರಲ್ಲಿ ಮೆಥಡಿಸ್ಟ್ ಪಂಗಡದ ಪ್ರೊಟೆಸ್ಟಂಟರಿದ್ದಾರೆ. ಲಂಡನ್ ಮಿಷನ್ನಿನ ಕ್ರೈಸ್ತ ಪ್ರಚಾರಕರು 1820ರಲ್ಲಿ ಬಂದ ಊರಿದು, ಆದರೂ ಒಂದು ಸಭೆಯವರಿಗೆ ಇನ್ನೊಂದರ ಹಾಡುಗಾರರ ಗುರುತಿಲ್ಲ ಅಂದರೆ ಬೇಸರ ಆಗುತ್ತದೆ ಅಲ್ವಾ? ಹೊಸ ಕಾರ್ಯಕ್ರಮ ಹುಟ್ಟಿಸಬೇಕಿಲ್ಲ. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ, ಮಾರ್ಚಿನ ಮೊದಲ ಶುಕ್ರವಾರ ಮಹಿಳೆಯರು ನಡೆಸುವ ವಿಶ್ವ ಪ್ರಾರ್ಥನಾ ದಿನ. ಎರಡೂ ಎಲ್ಲ ಸಭೆಗಳಿಗೂ ಸೇರಿದವು. ಗಾಯನ ತಂಡಗಳು ಬೆರೆತು ಒಂದೇ ಹಾಡು ಅಭ್ಯಾಸ ಮಾಡಲಿ. ವೇದಿಕೆಯ ಭಾಷಣಕ್ಕಿಂತ ಆ ಅಭ್ಯಾಸದಲ್ಲೇ ಸ್ನೇಹ ಕೂಡುತ್ತದೆ.

ಕೊನೆಯದು ಓಣಿ. ಕ್ರಿಸ್ಮಸ್‌ಗೆ ಚಕ್ಲಿ, ಕರಚಿಕಾಯಿ ಹಂಚುತ್ತೇವೆ. ಮನೆಯಲ್ಲಿ ಮಾಡಿದ್ದನ್ನೇ ಕೊಡಿ. ಬಣ್ಣದ ಕಾಗದ ಸುತ್ತಿದ ಅಗ್ಗದ ಕೇಕಿನಲ್ಲಿ ಎಣ್ಣೆ ವಾಸನೆ ಬಿಟ್ಟರೆ ಏನೂ ಇರುವುದಿಲ್ಲ. ಆದರೆ ಕೊಡುವುದಷ್ಟೇ ಸಾಲದು. ದಸರೆಗೆ ಪಕ್ಕದ ಮನೆಯವರು ಬನ್ನಿ ಕೊಡಲು ಬಂದರೆ ಎರಡೂ ಕೈಯಿಂದ ತೆಗೆದುಕೊಳ್ಳಿ, ಈದ್‌ಗೆ ಕರೆದರೆ ಹೋಗಿ. ಯಾರಿಗಾದರೂ ಅಕ್ಕಿಯೋ ಔಷಧಿಯೋ ಕೊಡುವಾಗ ಜೊತೆಗೆ ಕರಪತ್ರ ಇಡಬಾರದು. ಕಷ್ಟದಲ್ಲಿರುವವರು ಬೇಡ ಎನ್ನಲಾರರು, ಆ ಇಕ್ಕಟ್ಟಿಗೆ ಅವರನ್ನು ದೂಡುವುದು ತಪ್ಪು. ಮನೆಮನೆಗೆ ಕ್ಯಾರಲ್ (ಕ್ರಿಸ್ಮಸ್ ಹಾಡು) ಹಾಡಲು ಹೋಗುವ ದಿನ, ಹೊತ್ತು ಓಣಿಯವರಿಗೆ ಮೊದಲೇ ತಿಳಿಸಿ. ಮೈಕ್ ಬೇಡ.

ಭೇಟಿಗೆ ಹೋಗುವ ಜೋಡಿಯನ್ನು ವರ್ಷಕ್ಕೊಮ್ಮೆ ಬದಲಿಸಿ. ವಹಿ ಹೊಸಬರಿಗೆ ಕೊಡುವ ಮುಂಚೆ ಜಗಳ, ಸಾಲದ ಮಾತು ಬರೆದ ಪುಟ ಹರಿದುಹಾಕಿ.