ಕಾಂತಕ್ಕೆ ಸ್ಪಂದಿಸುವ ಪೊರೆಗಳು: ಕಣ ಎಲ್ಲಿರಬೇಕು ಎಂಬುದರ ಸುತ್ತ ನನ್ನ ಅನುಭವ

ಶೋಧಕ ಪೊರೆಯೊಂದು ಕಾಂತಕ್ಕೆ ಸ್ಪಂದಿಸಬೇಕಾದರೆ ಅದರಲ್ಲಿ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳಿರಬೇಕು ಎಂಬುದು ಈ ಕೆಲಸಕ್ಕೆ ಕೈಹಾಕುವ ಎಲ್ಲರಿಗೂ ಗೊತ್ತಿರುತ್ತದೆ. ಎಷ್ಟು ಕಣ ಬೆರೆಸಬೇಕು ಎಂಬುದೇ ಆಮೇಲೆ ಎಲ್ಲರನ್ನೂ ಕಾಡುವ ಪ್ರಶ್ನೆ. ಪಾಲಿಮರ್ ಪೊರೆಗಳೊಂದಿಗೆ ವರ್ಷಗಟ್ಟಲೆ ಒಡನಾಡಿದ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡಿರುವುದು ಕಣ ಪೊರೆಯ ಯಾವ ಭಾಗದಲ್ಲಿದೆ, ಯಾವುದಕ್ಕೆ ಅಂಟಿಕೊಂಡಿದೆ, ಅಲುಗಾಡಲು ಅದಕ್ಕೆ ಜಾಗವಿದೆಯೇ ಎಂಬ ಪ್ರಶ್ನೆ. ನೀರಿನಿಂದ ಲವಣವನ್ನು ಬೇರ್ಪಡಿಸುವ ಪೊರೆಗೆ ಇದರ ಉತ್ತರ ಒಂದಾದರೆ, ದೇಹದೊಳಗೆ ಬೇಕಾದಾಗ ಮಾತ್ರ ಔಷಧ ಬಿಡುವ ಪೊರೆಗೆ ಉತ್ತರ ಬೇರೆಯೇ.

ಕಣಗಳನ್ನು ನಾವು ಪ್ರಯೋಗಾಲಯದಲ್ಲೇ ತಯಾರಿಸಿಕೊಳ್ಳುತ್ತೇವೆ. ಫ್ರಾನ್ಸಿನ ರೆನೆ ಮಸಾರ್ 1981ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಎಲ್ಲಕ್ಕಿಂತ ಸರಳ. ಫೆರಿಕ್ ಕ್ಲೋರೈಡ್ ಮತ್ತು ಫೆರಸ್ ಕ್ಲೋರೈಡ್‌ಗಳನ್ನು ಎರಡಕ್ಕೆ ಒಂದು ಮೋಲ್ ಅನುಪಾತದಲ್ಲಿ, ನೈಟ್ರೋಜನ್ ಹಾಯಿಸಿ ಆಮ್ಲಜನಕ ಕಳೆದ ನೀರಿನಲ್ಲಿ ಕರಗಿಸಿ, ಜೋರಾಗಿ ಕಲಕುತ್ತಿರುವಾಗ ಅಮೋನಿಯಾ ದ್ರಾವಣವನ್ನು ಸುರಿದರೆ, ಕಿತ್ತಳೆ ಬಣ್ಣದ ದ್ರಾವಣ ಆ ಕ್ಷಣವೇ ಕಪ್ಪಾಗಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಪ್ರಕ್ಷೇಪವಾಗುತ್ತದೆ. ಕಪ್ಪಿನಲ್ಲಿ ಕಂದು ಛಾಯೆ ಕಂಡರೆ ಗಾಳಿ ಒಳಗೆ ಸೇರಿ ಒಂದಷ್ಟು ಭಾಗ ಮ್ಯಾಗ್ಹೆಮೈಟ್ ಎಂಬ ಇನ್ನೊಂದು ಆಕ್ಸೈಡ್ ಆಗಿದೆ ಎಂದರ್ಥ. ಅದೂ ಕಾಂತಕ್ಕೆ ಎಳೆಯಲ್ಪಡುತ್ತದೆ, ಆದರೆ ಸ್ವಲ್ಪ ಕಡಿಮೆ. ಕುದುರೆಮುಖದ ಗಣಿಯಿಂದ 2005ರ ಕೊನೆಯವರೆಗೆ ಉದ್ದನೆಯ ಕೊಳವೆಯಲ್ಲಿ ಪಣಂಬೂರಿಗೆ ಹರಿದು ಬರುತ್ತಿದ್ದ ಕಪ್ಪು ರಾಡಿಯಲ್ಲಿದ್ದ ಖನಿಜವೂ ಇದೇ ಮ್ಯಾಗ್ನೆಟೈಟ್ ಎಂಬುದನ್ನು ಹೊಸ ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು. ಆದರೆ ನಮ್ಮ ಕಣದ ವ್ಯಾಸ 10 ನ್ಯಾನೊಮೀಟರಿನ ಆಸುಪಾಸು. ಗಣಿಯ ಪುಡಿ ಇದಕ್ಕಿಂತ ಸಾವಿರಾರು ಪಟ್ಟು ದಪ್ಪ. ಈ ವ್ಯತ್ಯಾಸವೇ ಇಲ್ಲಿ ನಿರ್ಣಾಯಕ. ದಪ್ಪ ಕಣದಲ್ಲಿ ಕಾಂತವನ್ನು ದೂರ ಸರಿಸಿದ ಮೇಲೂ ಕಾಂತತ್ವ ಒಂದಿಷ್ಟು ಉಳಿದು ಕಣಗಳು ಪರಸ್ಪರ ಅಂಟಿ ಗಂಟಾಗುತ್ತವೆ. ಸುಮಾರು 20 ನ್ಯಾನೊಮೀಟರಿಗಿಂತ ಚಿಕ್ಕದಾದ ಮ್ಯಾಗ್ನೆಟೈಟ್ ಕಣ ಕಾಂತಕ್ಷೇತ್ರವಿರುವಾಗ ಬಲವಾಗಿ ಸ್ಪಂದಿಸಿ, ಕ್ಷೇತ್ರ ತೆಗೆದೊಡನೆ ತಟಸ್ಥವಾಗುತ್ತದೆ. ಇದನ್ನು ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಗುಣ ಎನ್ನುತ್ತಾರೆ.

ತೊಳೆಯುವ ಹಂತದಲ್ಲಿ ತಾಳ್ಮೆ ಬೇಕು. ಬೀಕರಿನ ಕೆಳಗೆ ನಿಯೋಡಿಮಿಯಂ ಕಾಂತವನ್ನಿಟ್ಟರೆ ಕಪ್ಪೆಲ್ಲ ತಳಕ್ಕೆ ಇಳಿಯುತ್ತದೆ, ಮೇಲಿನ ನೀರನ್ನು ಚೆಲ್ಲಿ ಹೊಸ ನೀರು ಹಾಕಬೇಕು. ಮೊದಲ ಸಲ ಕಣಗಳು ನೋಡುತ್ತಿದ್ದಂತೆಯೇ ತಳ ಸೇರುತ್ತವೆ. ತೊಳೆಯುತ್ತ ಹೋದಂತೆ ಇಳಿಯುವುದು ನಿಧಾನವಾಗುತ್ತದೆ, ಕೊನೆಕೊನೆಗೆ ಮೇಲಿನ ನೀರು ಚಹಾದ ಬಣ್ಣದಲ್ಲೇ ನಿಂತುಬಿಡುತ್ತದೆ. ಕಾಂತ ದುರ್ಬಲವಾಯಿತೆಂದು ಹೊಸಬರು ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ಲವಣ ಕಡಿಮೆಯಾದಂತೆ ಕಣಗಳ ಮೇಲಿನ ವಿದ್ಯುದಂಶಗಳು ಒಂದನ್ನೊಂದು ದೂರ ತಳ್ಳಿ, ಗುಂಪು ಬಿಡಿಸಿಕೊಂಡ ಒಂಟಿ ಕಣಗಳು ನೀರಿನಲ್ಲಿ ಚದುರಿರುತ್ತವೆ. ಒಂಟಿ ಕಣದ ಮೇಲೆ ಕಾಂತದ ಎಳೆತ ತೀರಾ ಅಲ್ಪ. ಆದ್ದರಿಂದ ಇದು ತೊಳೆತ ಸಾಕು ಎಂಬುದರ ಸೂಚನೆ. ಆ ಹಂತದಲ್ಲಿ ಸಿಟ್ರಿಕ್ ಆಮ್ಲದ ಲೇಪ ಕೊಟ್ಟು ಒದ್ದೆಯಾಗಿಯೇ ಇಟ್ಟುಕೊಳ್ಳಬೇಕು. ಒಣಗಿಸಿದ ಪುಡಿಯನ್ನು ಎಷ್ಟು ಸೋನಿಕೇಟ್ ಮಾಡಿದರೂ, ಅಂದರೆ ಶ್ರವಣಾತೀತ ಧ್ವನಿಯಿಂದ ಅಲುಗಿಸಿದರೂ, ಅದು ಮೊದಲಿನಂತೆ ಬಿಡಿಬಿಡಿಯಾಗುವುದಿಲ್ಲ.

ಹೋಲಿಕೆಗೆ ಆಧಾರವಾಗಿ ನಾನು ಪ್ರತಿ ಅಧ್ಯಯನದಲ್ಲೂ ಮೊದಲು ಬೆರಕೆ ಪೊರೆಯನ್ನು ಎರಕ ಹೊಯ್ಯುತ್ತೇನೆ. ಎನ್‌ಎಂಪಿ (ಎನ್-ಮೀಥೈಲ್ ಪಿರೊಲಿಡೋನ್) ದ್ರಾವಕದಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ 18ರಷ್ಟು ಪಾಲಿಸಲ್ಫೋನ್ ಎಂಬ ಪಾಲಿಮರ್ ಕರಗಿಸಿ, ಅದಕ್ಕೆ ಕಣಗಳನ್ನು ಸೇರಿಸಿ, ರಾತ್ರಿಯಿಡೀ ಬಿಟ್ಟು ಗುಳ್ಳೆ ಹೋದ ಮೇಲೆ ಗಾಜಿನ ಹಾಳೆಯ ಮೇಲೆ 200 ಮೈಕ್ರೋಮೀಟರ್ ಅಂತರದ ಅಲಗಿನಿಂದ ಎಳೆದು, ಹಾಳೆಯನ್ನು ನೀರಿನ ತೊಟ್ಟಿಗೆ ಇಳಿಸಿದರೆ, ದ್ರಾವಕ ಹೊರಗೆ, ನೀರು ಒಳಗೆ ನುಗ್ಗಿ ಕೆಲವೇ ಕ್ಷಣಗಳಲ್ಲಿ ಪಾಲಿಮರ್ ಗಟ್ಟಿಯಾಗುತ್ತದೆ ಮತ್ತು ಪೊರೆ ತಾನಾಗಿಯೇ ಗಾಜಿನಿಂದ ಬಿಟ್ಟುಕೊಳ್ಳುತ್ತದೆ. ಕರಾವಳಿಯಲ್ಲಿ ಈ ಕೆಲಸ ಮಾಡುವವರು ಹವೆಯನ್ನು ಮರೆಯುವಂತಿಲ್ಲ. ಎನ್‌ಎಂಪಿ ತೇವವನ್ನು ಹೀರುವ ದ್ರಾವಕ. ಜುಲೈ ತಿಂಗಳ ಮಳೆಯಲ್ಲಿ ಎಳೆದ ಪದರವನ್ನು ತೊಟ್ಟಿಗೆ ಇಳಿಸುವಷ್ಟರೊಳಗೆ ಅದರ ಮೇಲ್ಮೈ ಮಸುಕಾಗತೊಡಗುತ್ತದೆ, ಗಾಳಿಯ ತೇವದಿಂದಲೇ ಪಾಲಿಮರ್ ಬೇರ್ಪಟ್ಟು ಮೇಲಿನ ರಂಧ್ರಗಳು ದೊಡ್ಡದಾಗುತ್ತವೆ. ಹಾಗಾಗಿ ತೇವ ನಿಯಂತ್ರಿಸಿದ ಕೋಣೆಯಲ್ಲಿ ಎಳೆದ ಪೊರೆಗಳನ್ನು ಮಾತ್ರ ಪರಸ್ಪರ ಹೋಲಿಸುವುದು ನನ್ನ ನಿಯಮ.

ಬೆರಕೆ ಪೊರೆ ನೋಡಲು ಚೆನ್ನಾಗಿರುತ್ತದೆ. ಗಾಢ ಕಂದು ಬಣ್ಣದ ಹಾಳೆ ಕಾಂತ ಹತ್ತಿರ ತಂದೊಡನೆ ಚಂಗನೆ ಹಾರಿ ಅಂಟಿಕೊಳ್ಳುತ್ತದೆ. ನೀರಿನ ಹರಿವು ಕೂಡ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಏಕೆಂದರೆ ನೀರನ್ನು ಪ್ರೀತಿಸುವ ಕಣಗಳು ಗಟ್ಟಿಯಾಗುವ ಹಂತದಲ್ಲಿ ರಂಧ್ರಗಳ ರಚನೆಯನ್ನೇ ಬದಲಿಸುತ್ತವೆ. ಆದರೆ ಈ ಹೆಚ್ಚಳಕ್ಕೂ ಕಾಂತಕ್ಕೂ ಸಂಬಂಧವಿಲ್ಲ. ಕಬ್ಬಿಣದ ಆಕ್ಸೈಡ್ ಬದಲು ಸಿಲಿಕಾ ಹಾಕಿದರೂ ಇಂಥದೇ ಫಲಿತಾಂಶ ಬರುವುದುಂಟು. ಅದೇ ಪೊರೆಯಲ್ಲಿ, ಅದೇ ಒತ್ತಡದಲ್ಲಿ, ಕ್ಷೇತ್ರ ಹಾಕಿದಾಗ ಮತ್ತು ತೆಗೆದಾಗ ವ್ಯತ್ಯಾಸ ಕಂಡರೆ ಮಾತ್ರ ಅದನ್ನು ಸ್ಪಂದಿಸುವ ಪೊರೆ ಎನ್ನಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆರಕೆ ಪೊರೆಯಲ್ಲಿ ಅಂಥ ವ್ಯತ್ಯಾಸ ನನಗೆ ಕಂಡಿಲ್ಲ, ಕಾಣಲು ಕಾರಣವೂ ಇಲ್ಲ. ಪಾಲಿಸಲ್ಫೋನ್ ಮೆದುವಾಗುವುದು 185 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಕೋಣೆಯ ಉಷ್ಣತೆಯಲ್ಲಿ ಅದು ಗಾಜಿನಂತೆ ಬಿಗಿಯಾಗಿರುತ್ತದೆ. ಅದರೊಳಗೆ ಹುಗಿದ ಕಣವನ್ನು ಕಾಂತ ಎಷ್ಟೇ ಎಳೆದರೂ ಅದು ಇದ್ದಲ್ಲಿಯೇ ಇರುತ್ತದೆ.

ಪೊರೆಯ ಮೇಲ್ಮೈಯಲ್ಲಿ ಚಲನೆ ಏಕೆ ಬೇಕು ಎಂಬುದನ್ನು ಇಲ್ಲಿ ಹೇಳಬೇಕು. ಲವಣದ ನೀರನ್ನು ಒತ್ತಡದಿಂದ ದೂಡಿದಾಗ ನೀರು ದಾಟುತ್ತದೆ, ತಡೆಯಲ್ಪಟ್ಟ ಲವಣ ಪೊರೆಯ ಮೈಗೆ ತಾಗಿದಂತೆ ಶೇಖರವಾಗುತ್ತದೆ. ಆ ತೆಳು ಪದರದಲ್ಲಿ ಲವಣದ ಸಾಂದ್ರತೆ ಏರಿದಂತೆ ಆಸ್ಮೋಟಿಕ್ ಒತ್ತಡವೂ (ಲವಣವಿರುವ ಕಡೆಗೆ ನೀರನ್ನು ಮರಳಿ ಸೆಳೆಯುವ ಒತ್ತಡ) ಏರಿ ಹರಿವನ್ನು ಕುಗ್ಗಿಸುತ್ತದೆ, ಲವಣವೂ ಹೆಚ್ಚು ಸೋರುತ್ತದೆ. ಮೇಲಿನಿಂದ ನೀರನ್ನು ರಭಸವಾಗಿ ಹರಿಸಿದರೂ ಮೈಗೆ ತೀರಾ ಅಂಟಿಕೊಂಡಿರುವ ಪದರ ಕದಲುವುದು ಕಷ್ಟ. ಕಲಕುವ ಕೈ ಆ ಪದರದೊಳಗೇ ಇದ್ದರೆ ಹೇಗೆ ಎಂಬ ಯೋಚನೆಯನ್ನು ಹಿಮ್‌ಸ್ಟೆಡ್, ರಣಿಲ್ ವಿಕ್ರಮಸಿಂಘೆ, ಮಥಿಯಾಸ್ ಉಲ್‌ಬ್ರಿಕ್ಟ್ ಮತ್ತು ಅವರ ಸಂಗಡಿಗರು 2011ರ ಹೊತ್ತಿಗೆ ಪ್ರಯೋಗದಲ್ಲಿ ತೋರಿಸಿದರು. ನ್ಯಾನೊಶೋಧಕ ಪೊರೆಯ ಮೈಮೇಲೆ ನೀರಿನಲ್ಲಿ ಉಬ್ಬುವ ಪಾಲಿಮರ್ ಸರಪಳಿಗಳನ್ನು ಬೆಳೆಸಿ, ಪ್ರತಿ ಸರಪಳಿಯ ತುದಿಗೆ ಕಾಂತಕಣವನ್ನು ಕಟ್ಟಿ, ಹೊರಗಿನಿಂದ ದಿಕ್ಕು ಬದಲಿಸುವ ಕ್ಷೇತ್ರ ಕೊಟ್ಟಾಗ, ತೆನೆಯ ಭಾರಕ್ಕೆ ಗದ್ದೆಯ ಪೈರು ಅತ್ತಿತ್ತ ತೂಗುವಂತೆ ಸರಪಳಿಗಳು ತೂಗಿ ಆ ಪದರವನ್ನು ಕಲಕುತ್ತವೆ. ಹರಿವು ಮತ್ತು ಲವಣ ತಡೆಯುವಿಕೆ ಎರಡೂ ಒಟ್ಟಿಗೆ ಸುಧಾರಿಸಿದ್ದು ಅವರ ಕೆಲಸದ ಹೆಚ್ಚುಗಾರಿಕೆ. ಪೊರೆಗಳ ಲೋಕದಲ್ಲಿ ಒಂದನ್ನು ಗಳಿಸಲು ಇನ್ನೊಂದನ್ನು ಬಿಟ್ಟುಕೊಡುವುದೇ ರೂಢಿ.

ಅವರ ದಾರಿಯನ್ನೇ ನಾನೂ ಹಿಡಿದೆ. ಮೇಲ್ಮೈಗೆ ಬ್ರೋಮಿನ್ ಇರುವ ಆರಂಭಕವನ್ನು ಕೂರಿಸಿ, ತಾಮ್ರದ ವೇಗವರ್ಧಕದ ನೆರವಿನಿಂದ, ಆಮ್ಲಜನಕ ಸುಳಿಯದಂತೆ ನೋಡಿಕೊಂಡು ಹೆಮಾ ಎಂಬ ಮಾನೋಮರಿನ (ಸರಪಳಿಯ ಒಂದೊಂದು ಕೊಂಡಿಯಾಗುವ ಅಣುವಿನ) ಸರಪಳಿಗಳನ್ನು ಬೆಳೆಸಬೇಕು. ಸರಪಳಿಯ ತುದಿಯಲ್ಲಿ ಉಳಿಯುವ ಬ್ರೋಮಿನನ್ನು ಅಮೈನ್ ಗುಂಪಾಗಿ ಬದಲಿಸಿ, ಕಾರ್ಬಾಕ್ಸಿಲ್ ಲೇಪವಿರುವ ಕಣಗಳೊಂದಿಗೆ ಬೆಸೆಯಬೇಕು. ರಸಾಯನಶಾಸ್ತ್ರದ ವಿವರ ಪ್ರಕಟಿತ ಲೇಖನಗಳಲ್ಲಿ ಬೇಕಾದಷ್ಟಿದೆ. ಅನುಭವದಿಂದ ನಾನು ಸೇರಿಸಬಯಸುವುದು ಸರಪಳಿಗಳ ದಟ್ಟಣೆಯ ಬಗ್ಗೆ. ದಟ್ಟವಾಗಿ ಬೆಳೆಸಿದರೆ ಹೆಚ್ಚು ಕಣ ಹಿಡಿಯುತ್ತವೆ ಎಂಬ ಆಸೆ ಸಹಜ. ಆದರೆ ದಟ್ಟ ಸರಪಳಿಗಳು ಒಂದರ ಒತ್ತಿಗೆ ಒಂದು ನೆಟ್ಟಗೆ ನಿಂತು ಬಾಗುವ ಅವಕಾಶ ಕಳೆದುಕೊಳ್ಳುತ್ತವೆ, ಜೊತೆಗೆ ನೀರಿನ ಹಾದಿಗೂ ಅಡ್ಡವಾಗುತ್ತವೆ. ಕ್ಷೇತ್ರವಿಲ್ಲದಾಗ ಇಂಥ ಪೊರೆಯ ಹರಿವು ಮೂಲ ಪೊರೆಗಿಂತ ಕಡಿಮೆಯೇ ಇರುತ್ತದೆ. ಆ ನಷ್ಟವನ್ನು ಕ್ಷೇತ್ರ ತುಂಬಿಕೊಟ್ಟು ಅದರ ಮೇಲೆ ಲಾಭ ತರಬೇಕು. ಆದ್ದರಿಂದ ವಿರಳವಾಗಿ, ಉದ್ದವಾಗಿ ಬೆಳೆಸುವುದನ್ನೇ ನಾನು ಈಗ ಆರಿಸಿಕೊಳ್ಳುತ್ತೇನೆ. ಕಣದ ಗಾತ್ರವನ್ನೂ 10ರಿಂದ 15, 20 ನ್ಯಾನೊಮೀಟರಿನತ್ತ ಒಯ್ಯುವುದು ಒಳ್ಳೆಯದು: ಬಲ ಕಣದ ಘನಗಾತ್ರಕ್ಕೆ ತಕ್ಕಂತೆ ಇರುವುದರಿಂದ ವ್ಯಾಸ ಇಮ್ಮಡಿಯಾದರೆ ಬಲ ಎಂಟು ಪಟ್ಟಾಗುತ್ತದೆ.

ಅಳತೆಯ ಉಪಕರಣದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಸುಳ್ಳು ಲಾಭ ಹುಟ್ಟುವುದು ಇಲ್ಲಿಯೇ. ಪ್ರಯೋಗಾಲಯದ ಸಾಮಾನ್ಯ ಶೋಧನ ಪಾತ್ರೆಯಲ್ಲಿ ಕಲಕಲು ಕಾಂತದ ಕಡ್ಡಿ ಇರುತ್ತದೆ. ಹೊರಗಿನ ಕ್ಷೇತ್ರಕ್ಕೆ ಮೊದಲು ಕುಣಿಯುವುದು ಅದೇ. ಅದನ್ನು ತೆಗೆದಿಡಬೇಕು. ಉಕ್ಕಿನ ಪಾತ್ರೆ ಕ್ಷೇತ್ರವನ್ನು ತಡೆಯುತ್ತದೆ ಅಥವಾ ತಾನೇ ಬಿಸಿಯಾಗುತ್ತದೆ, ಹಾಗಾಗಿ ನಾವು ಅಕ್ರಿಲಿಕ್ ಪಾತ್ರೆಗೆ ಬದಲಾದೆವು. ಪಾತ್ರೆಯ ಎರಡೂ ಬದಿಗೆ ಸುರುಳಿಗಳನ್ನಿಟ್ಟು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಿದ್ಯುತ್ ಹಾಯಿಸುತ್ತೇವೆ. ಆವೃತ್ತಿ ಕೆಲವು ಹರ್ಟ್ಸ್‌ನಿಂದ ಕೆಲವು ಹತ್ತು ಹರ್ಟ್ಸ್‌ವರೆಗೆ. ಅದಕ್ಕಿಂತ ವೇಗವಾಗಿ ಬದಲಿಸಿದರೆ ನೀರಿನ ಎಳೆತವನ್ನು ಮೀರಿ ಹಿಂಬಾಲಿಸಲು ಸರಪಳಿಗಳಿಗೆ ಸಾಧ್ಯವಾಗುವುದಿಲ್ಲ. ಸುರುಳಿಗಳು ಬಿಸಿಯಾಗುತ್ತವೆ ಎಂಬುದು ಸಣ್ಣ ವಿಷಯವಲ್ಲ. ನೀರಿನ ಸ್ನಿಗ್ಧತೆ 25 ಡಿಗ್ರಿಯಲ್ಲಿ 0.89 ಮಿಲಿಪಾಸ್ಕಲ್ ಸೆಕೆಂಡ್ ಇದ್ದರೆ 30 ಡಿಗ್ರಿಯಲ್ಲಿ 0.80ಕ್ಕೆ ಇಳಿಯುತ್ತದೆ. ಪಾತ್ರೆಯ ನೀರು ಐದು ಡಿಗ್ರಿ ಬಿಸಿಯಾದರೆ, ಕಾಂತಕಣವೇ ಇಲ್ಲದ ಪೊರೆಯಲ್ಲೂ ಹರಿವು ಶೇಕಡಾ 11ರಷ್ಟು ಹೆಚ್ಚಿ, ಅದು ಕಾಂತದ ಪ್ರಭಾವದಂತೆಯೇ ಕಾಣುತ್ತದೆ. ಆದ್ದರಿಂದ ಬರಿಯ ಮೂಲ ಪೊರೆ, ಸರಪಳಿ ಮಾತ್ರ ಇರುವ ಪೊರೆ, ಸರಪಳಿಯೂ ಕಣವೂ ಇರುವ ಪೊರೆ — ಈ ಮೂರನ್ನೂ ಕ್ಷೇತ್ರದಲ್ಲಿ ಮತ್ತು ಕ್ಷೇತ್ರವಿಲ್ಲದೆ, ದ್ರವದ ಉಷ್ಣತೆಯನ್ನು ಸ್ಥಿರವಾಗಿಟ್ಟು ಅಳೆಯದೆ ಯಾವ ತೀರ್ಮಾನಕ್ಕೂ ಬರಬಾರದು. ಶುದ್ಧ ನೀರಿನಲ್ಲಿಯೂ ಅಳೆಯಬೇಕು. ಶುದ್ಧ ನೀರಿನಲ್ಲಿ ಕಲಕಬೇಕಾದ ಲವಣದ ಪದರವೇ ಇಲ್ಲದಿರುವುದರಿಂದ ಅಲ್ಲಿಯೂ ಹರಿವು ಏರಿದರೆ ಅದಕ್ಕೆ ಕಾರಣ ಬೇರೆಡೆ ಇದೆ.

ವೈದ್ಯಕೀಯ ಬಳಕೆಗೆ ಬಂದಾಗ ಲೆಕ್ಕಾಚಾರ ತಿರುಗುತ್ತದೆ. ಅಲ್ಲಿ ಕಣ ಚಲಿಸಬೇಕಿಲ್ಲ, ಬಿಸಿಯಾಗಬೇಕು. ಲಕ್ಷಗಟ್ಟಲೆ ಹರ್ಟ್ಸ್ ಆವೃತ್ತಿಯ ಕ್ಷೇತ್ರದಲ್ಲಿ ಕಣದ ಕಾಂತದಿಕ್ಕು ಕ್ಷೇತ್ರದ ಬೆನ್ನಟ್ಟಲಾರದೆ ಹಿಂದುಳಿದು ಶಾಖ ಹುಟ್ಟುತ್ತದೆ, ಮತ್ತು ಶಾಖ ಗಟ್ಟಿ ಪಾಲಿಮರಿನ ಮೂಲಕವೂ ಹರಡುತ್ತದೆ. ಹಾಗಾಗಿ ಇಲ್ಲಿ ಕಣ ಒಳಗೆ ಹುಗಿದಿರುವುದೇ ಲೇಸು, ಸುರಕ್ಷಿತವೂ ಹೌದು. ಟಾಡ್ ಹೋರ್, ಡೇನಿಯಲ್ ಕೊಹೇನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪೊರೆ ಇದಕ್ಕೆ ಒಳ್ಳೆಯ ಮಾದರಿ. ಈಥೈಲ್ ಸೆಲ್ಯುಲೋಸಿನ ಒಳಗೆ ಮ್ಯಾಗ್ನೆಟೈಟ್ ಮತ್ತು ಬಿಸಿಗೆ ಕುಗ್ಗುವ ಜೆಲ್ ಕಣಗಳು. ಕ್ಷೇತ್ರ ಹಾಕಿದಾಗ ಜೆಲ್ ಕುಗ್ಗಿ ದಾರಿ ತೆರೆಯುತ್ತದೆ, ತೆಗೆದಾಗ ಮತ್ತೆ ಉಬ್ಬಿ ಮುಚ್ಚುತ್ತದೆ. ಔಷಧದ ಬದಲಿಗೆ ಅವರು ಬಳಸಿದ ಬಣ್ಣ ಸೋಡಿಯಂ ಫ್ಲೋರಸೀನ್. ಈ ತತ್ವದ ಮೇಲೆ ಪೊರೆ ಎರಕ ಹೊಯ್ದಾಗ ನನ್ನ ಹೆಚ್ಚಿನ ಸಮಯ ಜೆಲ್ ಹದಗೊಳಿಸುವುದಕ್ಕೆ ಹೋಯಿತು. ಜೆಲ್‌ನ ಪಾಲಿಮರ್ ಆದ ಪಾಲಿ ಎನ್-ಐಸೋಪ್ರೊಪೈಲ್ ಅಕ್ರಿಲಮೈಡ್ ಸಾಮಾನ್ಯವಾಗಿ 32 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುಗ್ಗುತ್ತದೆ. ದೇಹದ ಉಷ್ಣತೆ 37 ಡಿಗ್ರಿ. ಅಂದರೆ ಹಾಗೆಯೇ ಬಳಸಿದರೆ ದೇಹದೊಳಗೆ ಬಾಗಿಲು ಸದಾ ತೆರೆದೇ ಇರುತ್ತದೆ. ನೀರಿನೊಂದಿಗೆ ಹೆಚ್ಚು ಹೊಂದುವ ಅಕ್ರಿಲಮೈಡನ್ನು ಹಿತಮಿತವಾಗಿ ಸೇರಿಸಿ ಆ ಬಿಂದುವನ್ನು 40 ಡಿಗ್ರಿಯ ಹತ್ತಿರಕ್ಕೆ ಏರಿಸಬೇಕು, ಇನ್ನೂ ಮೇಲೆ ಹೋದರೆ ಸುತ್ತಲಿನ ಅಂಗಾಂಶಕ್ಕೆ ಅಪಾಯ.

ಇಲ್ಲಿಯೂ ಅಳತೆಯದೊಂದು ತೊಡಕಿದೆ. ಲೋಹದ ಥರ್ಮೋಕಪಲ್ ಇಂಥ ಕ್ಷೇತ್ರದಲ್ಲಿ ತಾನೇ ಬಿಸಿಯಾಗಿ ತಪ್ಪು ಅಂಕಿ ತೋರಿಸುತ್ತದೆ, ಆದ್ದರಿಂದ ಆಪ್ಟಿಕಲ್ ಫೈಬರಿನ ತಾಪಮಾಪಕವನ್ನೇ ಬಳಸಬೇಕು. ಕ್ಷೇತ್ರವನ್ನು ಮನಬಂದಂತೆ ಹೆಚ್ಚಿಸುವಂತೆಯೂ ಇಲ್ಲ, ಏಕೆಂದರೆ ದೇಹದಲ್ಲೇ ಸುಳಿ ವಿದ್ಯುತ್ ಹುಟ್ಟಿ ಬಿಸಿಯಾಗುತ್ತದೆ. ಬ್ರೆಜೋವಿಚ್ ಮಿತಿಯ ಪ್ರಕಾರ ಕ್ಷೇತ್ರದ ತೀವ್ರತೆ ಮತ್ತು ಆವೃತ್ತಿಯ ಗುಣಲಬ್ಧ ಮೀಟರಿಗೆ, ಸೆಕೆಂಡಿಗೆ 48.5 ಕೋಟಿ ಆಂಪಿಯರ್ ಮೀರಬಾರದು. ಒಂದು ಲಕ್ಷ ಹರ್ಟ್ಸ್‌ನಲ್ಲಿ ಕ್ಷೇತ್ರದ ಮಿತಿ ಸುಮಾರು 6 ಮಿಲಿಟೆಸ್ಲಾ ಮಾತ್ರ. ಆ ಮಿತಿಯೊಳಗೆ ಸಾಕಷ್ಟು ಬಿಸಿಯಾಗುವ ಕಣ ತಯಾರಿಸುವುದು ಪೊರೆ ತಯಾರಿಸುವುದಕ್ಕಿಂತ ಕಠಿಣ ಎಂದು ನನಗನಿಸುತ್ತದೆ.

ಎರಡೂ ಬಗೆಯ ಪೊರೆಗಳಿಗೆ ನಾನು ತಪ್ಪದೆ ಮಾಡುವ ಪರೀಕ್ಷೆ ಕಬ್ಬಿಣ ಸೋರುತ್ತಿದೆಯೇ ಎಂಬುದು. ಶೋಧಿಸಿ ಬಂದ ನೀರಿಗೆ ಹೈಡ್ರಾಕ್ಸಿಲಮೈನ್ ಹಾಕಿ ಕಬ್ಬಿಣವನ್ನೆಲ್ಲ ಫೆರಸ್ ರೂಪಕ್ಕೆ ತಂದು ಫಿನಾಂತ್ರೊಲಿನ್ ಸೇರಿಸಿದರೆ, ಕಬ್ಬಿಣವಿದ್ದಲ್ಲಿ ಕೆಂಪು ಕಿತ್ತಳೆ ಬಣ್ಣ ಮೂಡುತ್ತದೆ. 510 ನ್ಯಾನೊಮೀಟರಿನಲ್ಲಿ ಅಳೆಯಬಹುದು. ಆದರೆ ನೇರವಾಗಿ ಪರೀಕ್ಷಿಸಿದರೆ ಕರಗಿದ ಕಬ್ಬಿಣ ಮಾತ್ರ ತಿಳಿಯುತ್ತದೆ, ಕಳಚಿಬಂದ ಇಡೀ ಕಣಗಳು ಲೆಕ್ಕಕ್ಕೆ ಸಿಗಲು ಮೊದಲು ಆಮ್ಲದಲ್ಲಿ ಕಾಯಿಸಿ ಕರಗಿಸಿಕೊಳ್ಳಬೇಕು. ಶೋಧನ ಘಟಕಗಳಲ್ಲಿ ಪೊರೆಯನ್ನು ಸಿಟ್ರಿಕ್ ಆಮ್ಲದಿಂದ ತೊಳೆಯುವುದು ವಾಡಿಕೆ, ಮತ್ತು ಮ್ಯಾಗ್ನೆಟೈಟಿಗೆ ಆ ಆಮ್ಲ ಆಗಿಬರುವುದಿಲ್ಲ. ಕಣಕ್ಕೆ ಸಿಲಿಕಾದ ತೆಳು ಕವಚ ಕೊಟ್ಟರೆ ಬಾಳಿಕೆ ಹೆಚ್ಚುತ್ತದೆ, ಆದರೆ ಕವಚ ದಪ್ಪವಾದಷ್ಟೂ ಸರಪಳಿಯ ತುದಿಯಲ್ಲಿ ಕಾಂತಕ್ಕೆ ಸ್ಪಂದಿಸದ ಹೊರೆಯೂ ಹೆಚ್ಚುತ್ತದೆ.

ನಮ್ಮ ಕೆಲಸ ಇನ್ನೂ ಅಂಗೈ ಅಗಲದ ಚಪ್ಪಟೆ ಪೊರೆಗಳಲ್ಲೇ ಇದೆ. ಕಾರ್ಖಾನೆಗಳಲ್ಲಿ ಬಳಸುವ ಸುರುಳಿ ಸುತ್ತಿದ ಘಟಕದ ವ್ಯಾಸ 8 ಇಂಚು, ಉದ್ದ 40 ಇಂಚು. ಅದರ ಫೈಬರ್‌ಗ್ಲಾಸ್ ಹೊದಿಕೆ ಕ್ಷೇತ್ರವನ್ನು ತಡೆಯುವುದಿಲ್ಲವಾದರೂ, ನಡುವಿನ ಪದರದವರೆಗೆ ಬೇಕಾದಷ್ಟು ಬಲದ ಕ್ಷೇತ್ರ ಮುಟ್ಟಿಸಲು ತಗಲುವ ವಿದ್ಯುತ್ತು, ಕಲಕುವುದರಿಂದ ಪಂಪಿನಲ್ಲಿ ಉಳಿಯುವ ವಿದ್ಯುತ್ತಿಗಿಂತ ಕಡಿಮೆ ಇರಬೇಕು. ಸದ್ಯ ನಾನು ಮಾಡುತ್ತಿರುವುದು ಆ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಅಳೆಯುವ ಕೆಲಸ: ಕ್ಷೇತ್ರವನ್ನು ಸತತವಾಗಿ ಹಾಕದೆ, ಹರಿವು ಇಳಿಯತೊಡಗಿದಾಗ ಮಾತ್ರ ಸ್ವಲ್ಪ ಹೊತ್ತು ಹಾಕಿ ತೆಗೆದರೆ ಸುರುಳಿಗಳ ಖರ್ಚು ಎಷ್ಟು ಇಳಿಯುತ್ತದೆ ಎಂದು ನೋಡುತ್ತಿದ್ದೇನೆ.