ನೆನಪು ಕುಂದಿದವರ ಇಇಜಿ: ಕನೆಕ್ಟಿವಿಟಿ ಲೆಕ್ಕಕ್ಕೆ ನಿಲ್ಲುವ ರೆಕಾರ್ಡಿಂಗ್

ಇಇಜಿ ಎಂದರೆ ತಲೆಯ ಮೇಲೆ ಇಲೆಕ್ಟ್ರೋಡು ಇಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು. ಅದರಲ್ಲಿ ಮಿದುಳಿನ ಒಂದು ಭಾಗದ ಅಲೆ ಇನ್ನೊಂದು ಭಾಗದ ಅಲೆಯೊಂದಿಗೆ ಎಷ್ಟು ಹೊಂದಿಕೊಂಡು ನಡೆಯುತ್ತಿದೆ ಎಂದು ಅಳೆಯುವುದೇ ಕನೆಕ್ಟಿವಿಟಿ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಮತ್ತು ಅದರ ಮುಂಚಿನ ಎಂಸಿಐ (ಅರಿವಿನ ಸೌಮ್ಯ ಕುಂದು) ಹಂತದಲ್ಲಿ ಇದನ್ನು ನೋಡಲು ಬೇರೆ ಯಂತ್ರ ಬೇಕಿಲ್ಲ. ಕಲಬುರಗಿಯಲ್ಲಿ ಫಿಟ್ಸ್ ರೋಗಿಗಳಿಗೆ ದಿನಾ ಬಳಸುವ ಇಇಜಿ ಯಂತ್ರ, ತಲೆಯ ಮೇಲಿನ ಜಾಗ ಗುರುತಿಸುವ 10-20 ಪದ್ಧತಿಯ 19 ಇಲೆಕ್ಟ್ರೋಡು, ಎರಡು ಕಿವಿಯವು, ಒಂದು ಗ್ರೌಂಡ್ ಸಾಕು. ಡೇಟಾ ಬೇರೆ ತಂತ್ರಾಂಶವೂ ಓದಬಲ್ಲ ಇಡಿಎಫ್ ಫೈಲಾಗಿ ಹೊರಗೆ ಬರಬೇಕು, ಅಷ್ಟೆ. ಲೆಕ್ಕ ಕೆಡುವುದು ಬಹುತೇಕ ಕಂಪ್ಯೂಟರ್ ಮುಟ್ಟುವ ಮೊದಲೇ.

ಹಿಂದಿನ ದಿನವೇ ಮನೆಯವರಿಗೆ ಹೇಳಿ ಕಳಿಸುತ್ತೇವೆ: “ತಲಿ ಎರಕೊಂಡು ಬರ್ರಿ, ಎಣ್ಣಿ ಹಚ್ಚಬ್ಯಾಡ್ರಿ.” ಎಣ್ಣೆ ಉಳಿದ ತಲೆಯಲ್ಲಿ ಇಂಪೀಡೆನ್ಸ್ (ಚರ್ಮ-ಇಲೆಕ್ಟ್ರೋಡು ನಡುವಿನ ವಿದ್ಯುತ್ ತಡೆ) 5 ಕಿಲೋ ಓಮ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. ಎಲ್ಲಾ ಇಲೆಕ್ಟ್ರೋಡುಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದು ಮುಖ್ಯ. ಒಂದು 2, ಪಕ್ಕದ್ದು 20 ಆದರೆ 50 ಹರ್ಟ್ಸ್ ಕರೆಂಟಿನ ಸದ್ದು ನುಗ್ಗುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಕಾಟ ಬೆವರು. ಅದು 1 ಹರ್ಟ್ಸ್‌ಗಿಂತ ನಿಧಾನದ ತೂಗಾಟ ತರುತ್ತದೆ, ಜೊತೆಗೆ ಪೇಸ್ಟ್ ಜಾಸ್ತಿ ಮೆತ್ತಿದ್ದರೆ ಕರಗಿ ಎರಡು ಇಲೆಕ್ಟ್ರೋಡುಗಳನ್ನು ಒಂದಾಗಿಸುತ್ತದೆ. ಆಗ ಆ ಎರಡರ ಕೋಹೆರೆನ್ಸ್ (0ರಿಂದ 1ರವರೆಗಿನ ಹೊಂದಾಣಿಕೆಯ ಅಳತೆ) ಸುಳ್ಳೇ 1ರ ಹತ್ತಿರ ಬರುತ್ತದೆ. ಹುರುಳಿಕಾಳಿನಷ್ಟು ಪೇಸ್ಟ್ ಸಾಕು. ಕೂಲರ್‌ನಿಂದ ಕೋಣೆ ತಂಪು ಮಾಡಿಕೊಂಡು, ರೆಕಾರ್ಡಿಂಗ್ ಹೊತ್ತಿಗೆ ಅದರ ಪ್ಲಗ್ ಕಿತ್ತಿಡಬೇಕು. ಏಪ್ರಿಲ್-ಮೇನಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತದೆ. ನೀರು ಹಾಕಿಸಿ, ನ್ಯೂಟ್ರಲ್-ಅರ್ಥ್ ನಡುವಿನ ವೋಲ್ಟೇಜ್ ಅಳೆಸುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ಶತ್ರು ತೂಕಡಿಕೆ. ಕಣ್ಣು ಮುಚ್ಚಿ ಒರಗಿದ ಎಪ್ಪತ್ತರ ಹಿರಿಯರು ಐದು ನಿಮಿಷದಲ್ಲಿ ಜೊಂಪು ಹತ್ತುತ್ತಾರೆ. ಹಿಂದಲೆಯ ಆಲ್ಫಾ ಅಲೆ (8–13 ಹರ್ಟ್ಸ್) ಚದುರಿ ಅದಕ್ಕಿಂತ ನಿಧಾನದ ಥೀಟಾ (4–8) ಹರಡುತ್ತದೆ. ಆಲ್ಜೈಮರ್‌ನಲ್ಲಿ ಕಾಣುವುದೂ ಇದೇ ದಿಕ್ಕಿನ ಬದಲಾವಣೆ. ರಾತ್ರಿ ನಿದ್ದೆಗೆಟ್ಟು ಬಂದವರ ಅಂಕಿ ಹಾಗಾಗಿ ಕಾಯಿಲೆಯಂತೆಯೇ ಕಾಣುತ್ತದೆ. ನಾವು ಬೆಳಿಗ್ಗೆ ನಾಷ್ಟಾ ಆದ ಮೇಲೆ ತೆಗೆಯುತ್ತೇವೆ, ಊಟದ ನಂತರ ಎಂದೂ ಇಲ್ಲ. ಎರಡು ನಿಮಿಷಕ್ಕೊಮ್ಮೆ “ಮುತ್ಯಾ, ಕಣ್ಣ ತೆರೀರಿ… ಈಗ ಮುಚ್ಚರಿ, ಮಕ್ಕೋಬ್ಯಾಡ್ರಿ” ಎನ್ನಬೇಕು. ಕಣ್ಣು ತೆರೆದಾಗ ಆಲ್ಫಾ ಅಡಗಿ, ಮುಚ್ಚಿದಾಗ ಮರಳುತ್ತದೆಯೇ ಎಂಬುದೂ ಅದರಲ್ಲೇ ಸಿಗುತ್ತದೆ. ಹಣೆಯ ಎರಡು ಪಕ್ಕದ ಇಲೆಕ್ಟ್ರೋಡುಗಳಾದ ಎಫ್7, ಎಫ್8ರಲ್ಲಿ ಎದುರುಬದುರಾಗಿ ನಿಧಾನ ಅಲೆ ಹೊರಳಿದರೆ ಕಣ್ಣುಗುಡ್ಡೆ ತೇಲುತ್ತಿದೆ ಎಂದರ್ಥ. ಆ ತುಂಡು ಬಿಡಬೇಕು. ಕಿವಿ ಮಂದವಿದ್ದವರ ಭುಜ ಮುಟ್ಟುವುದನ್ನು ಮೊದಲೇ ರೂಢಿ ಮಾಡಿಸಿ, ಮುಟ್ಟಿದಾಗೆಲ್ಲ ಟ್ರೇಸ್ ಮೇಲೆ ಗುರುತು ಹಾಕಬೇಕು. ಲಂಬಾಣಿ ಅಥವಾ ದಖನಿ ಉರ್ದು ಮನೆಮಾತಿನವರಿಗೆ ಜೊತೆಗೆ ಬಂದ ಮಗಳೋ ಸೊಸೆಯೋ ಹೇಳಿದರೆ ಚೆನ್ನ. ಬಾಯಲ್ಲಿ ಎಲೆ-ಅಡಿಕೆ, ತಂಬಾಕು ಇದ್ದರೆ ಕಿವಿಗಳ ಮೇಲ್ಭಾಗದ ಟಿ3, ಟಿ4 ಪೂರಾ ದವಡೆ ಸ್ನಾಯುವಿನದ್ದಾಗುತ್ತದೆ, ಬೀಟಾ (ಆಲ್ಫಾಕ್ಕಿಂತ ವೇಗದ ಅಲೆ) ಲೆಕ್ಕ ಹೋಯಿತೆಂದೇ.

ಮಾತ್ರೆಗಳ ಹೆಸರನ್ನು ಚೀಟಿ ನೋಡಿಯೇ ಬರೆದುಕೊಳ್ಳಬೇಕು. ಕ್ಲೊನಾಜೆಪಾಮ್, ಆಲ್ಪ್ರಜೋಲಾಮ್ ಬೀಟಾ ಏರಿಸುತ್ತವೆ. ಟ್ರೈಹೆಕ್ಸಿಫೆನಿಡಿಲ್, ಅಮಿಟ್ರಿಪ್ಟಿಲಿನ್ ಅಲೆಗಳನ್ನು ನಿಧಾನಗೊಳಿಸಬಲ್ಲವು. ಇಇಜಿಗೆಂದು ಮಾತ್ರೆ ನಿಲ್ಲಿಸುವುದಿಲ್ಲ.

ಎಂಸಿಐ ಎಂದು ಗುಂಪಿಗೆ ಸೇರಿಸುವುದು ಇಇಜಿ ನೋಡಿ ಅಲ್ಲ. ಪರೀಕ್ಷೆಯಲ್ಲಿ ನೆನಪು ಕಡಿಮೆ, ಆದರೆ ಕಿರಾಣಿಯಲ್ಲಿ ಚಿಲ್ಲರೆ ಎಣಿಸಿ ತರುತ್ತಾರೆ, ಬಸ್ಸು ಹಿಡಿದು ಆಳಂದಕ್ಕೆ ಹೋಗಿ ಬರುತ್ತಾರೆ ಎಂದರೆ ಎಂಸಿಐ. ಅದೂ ನಿಂತಿದ್ದರೆ ಡಿಮೆನ್ಷಿಯಾ. ಶಾಲೆಗೆ ಹೋಗದವರಿಗೆ ಓದು-ಬರಹ ಬೇಡುವ ಪ್ರಶ್ನೆ ಕೇಳಿ ಅಂಕ ಕಳೆಯುವುದು ಅನ್ಯಾಯ; ಐಸಿಎಂಆರ್‌ನ ಪರೀಕ್ಷಾ ಸಂಚಿ ಕನ್ನಡದಲ್ಲೂ ಇದೆ. ಬಿ12, ಥೈರಾಯ್ಡ್, ಖಿನ್ನತೆ, ಕಿವುಡು ಮೊದಲೇ ನೋಡಿರಬೇಕು.

ಇನ್ನು ಲೆಕ್ಕ. ಇಇಜಿಲ್ಯಾಬ್ ಅಥವಾ ಎಂಎನ್ಇ-ಪೈಥಾನ್ ತಂತ್ರಾಂಶ, ಎರಡೂ ಉಚಿತ. ಮೊದಲು ಕಣ್ಣಿಂದಲೇ ನೋಡಿ, ಎಚ್ಚರದ, ಕಣ್ಣು ಮುಚ್ಚಿದ 4 ಸೆಕೆಂಡಿನ ಸ್ವಚ್ಛ ತುಂಡುಗಳನ್ನು ಆರಿಸಬೇಕು, ಎಲ್ಲ ಸೇರಿ ಕನಿಷ್ಠ ಎರಡು ನಿಮಿಷ. ಒಬ್ಬರಿಗೆ 60 ತುಂಡು, ಇನ್ನೊಬ್ಬರಿಗೆ 15 ಇಟ್ಟರೆ 15ರವರ ಕೋಹೆರೆನ್ಸ್, ಪಿಎಲ್ಐ (ಹೊಂದಾಣಿಕೆಯ ಇನ್ನೊಂದು ಅಳತೆ) ಸುಳ್ಳೇ ಏರುತ್ತವೆ, ಎಲ್ಲರಿಗೂ ಸಮನಾಗಿರಲಿ. ಕೆಟ್ಟ ಚಾನೆಲ್ಲನ್ನು ಪಕ್ಕದವುಗಳಿಂದ ತುಂಬಿಸುವುದಕ್ಕಿಂತ ಕೈಬಿಡುವುದೇ ಮೇಲು, ತುಂಬಿಸಿದ್ದು ಪಕ್ಕದವುಗಳ ಬೆರಕೆಯಾದ್ದರಿಂದ ಅವುಗಳೊಂದಿಗೆ ಹೊಂದಿಕೊಂಡೇ ಇರುತ್ತದೆ.

ಕೋಹೆರೆನ್ಸ್ ಒಂದನ್ನೇ ನಾನು ನಂಬುವುದಿಲ್ಲ. ಜಾತ್ರೆಯ ಒಂದೇ ಮೈಕು ಎರಡು ಓಣಿಗೆ ಕೇಳಿದರೆ ಓಣಿಗಳು ಮಾತಾಡಿಕೊಂಡವು ಎನ್ನಲಾಗದು. ಒಂದೇ ಮೂಲದ ಅಲೆ ತಲೆಬುರುಡೆಯಲ್ಲಿ ಹರಡಿ ಎರಡು ಇಲೆಕ್ಟ್ರೋಡಿಗೆ ಒಟ್ಟಿಗೇ ತಲುಪುತ್ತದೆ. 2007ರಲ್ಲಿ ಸಂಶೋಧಕ ಸ್ಟಾಮ್ ಅವರ ತಂಡ ತಂದ ಪಿಎಲ್ಐ, ಅದರ ಸುಧಾರಿತ ರೂಪವಾದ 2011ರ ಡಬ್ಲ್ಯುಪಿಎಲ್ಐ, ಏಕಕಾಲಕ್ಕೆ ಬಂದ ಹೊಂದಾಣಿಕೆಯನ್ನು ಎಣಿಸುವುದಿಲ್ಲ. ನಿಜವಾಗಿ ಒಟ್ಟಿಗೇ ಮಿಡಿಯುವ ಸಂಬಂಧವೂ ಅದರಲ್ಲಿ ಕಳೆದುಹೋಗುತ್ತದೆ, ಅದು ತೆರಬೇಕಾದ ಬೆಲೆ.

ಆಲ್ಫಾ ಬ್ಯಾಂಡಿನ (ವೇಗದ ವ್ಯಾಪ್ತಿಯ) ಗಡಿಯನ್ನು ಎಲ್ಲರಿಗೂ ಸುಮ್ಮನೆ 8–13 ಎಂದಿಡಬಾರದು. ಕಾಯಿಲೆಯವರ ಆಲ್ಫಾ ಶಿಖರ (ಅಲೆಯ ಬಲ ಅತಿ ಹೆಚ್ಚಿರುವ ವೇಗ) 7.5ಕ್ಕೆ ಇಳಿದಿದ್ದರೆ ಅವರ ಆಲ್ಫಾವೇ ಥೀಟಾ ಖಾತೆಗೆ ಜಮಾ ಆಗಿ, “ಥೀಟಾ ಕನೆಕ್ಟಿವಿಟಿ ಹೆಚ್ಚಿದೆ” ಎಂಬ ಫಲಿತಾಂಶ ಬರುತ್ತದೆ. ತಲೆಯ ಹಿಂಭಾಗದ ಪಿ3, ಪಿ4, ಓ1, ಓ2ರಲ್ಲಿ ಪ್ರತಿಯೊಬ್ಬರ ಶಿಖರ ಹುಡುಕಿ, ಅದರ ಆಚೀಚೆ 2 ಹರ್ಟ್ಸ್ ಹಿಡಿಯುತ್ತೇವೆ. ಪವರ್ (ಅಲೆಯ ಬಲ) ಎಷ್ಟೆಂದೂ ಜೊತೆಗೇ ಬರೆಯಬೇಕು, ಆಲ್ಫಾ ಕ್ಷೀಣವಾದರೆ ಫೇಸ್ (ಅಲೆ ಏರಿಳಿತದ ಯಾವ ಹಂತದಲ್ಲಿದೆ ಎಂಬುದರ) ಅಂದಾಜೇ ಅಲುಗಾಡಿ ಕನೆಕ್ಟಿವಿಟಿ ತಾನಾಗಿ ಬೀಳುತ್ತದೆ.

ಆಲ್ಜೈಮರ್‌ನಲ್ಲಿ ಆಲ್ಫಾ, ಬೀಟಾ ಹೊಂದಾಣಿಕೆ ಇಳಿಯುವುದು ಗುಂಪುಗಳ ಹೋಲಿಕೆಯಲ್ಲಿ ಮತ್ತೆ ಮತ್ತೆ ಕಂಡಿದೆ. ಎಂಸಿಐ ಅಂಕಿಗಳು ಮಾತ್ರ ಆರೋಗ್ಯವಂತರ ಅಂಕಿಗಳ ಮೇಲೇ ಬಿದ್ದಿರುತ್ತವೆ, ಒಬ್ಬರ ಸಂಖ್ಯೆ ನೋಡಿ ಹೀಗೇ ಎನ್ನಲಾಗದು. ಲೆವಿ ಬಾಡಿ ಡಿಮೆನ್ಷಿಯಾದಲ್ಲಿ ಹಿಂದಲೆಯ ಲಯ 8ಕ್ಕಿಂತ ಕೆಳಗಿಳಿದು ಏರಿಳಿಯುವುದನ್ನು 2017ರ ರೋಗನಿರ್ಣಯ ಮಾನದಂಡ ಪೂರಕ ಸಾಕ್ಷ್ಯವೆಂದು ಒಪ್ಪಿದೆ. ಅದಕ್ಕೆ ಸಾದಾ ಟ್ರೇಸೇ ಸಾಕು. ರೋಗಿಯ ಕೈಗೆ ಕೊಡುವ ರಿಪೋರ್ಟಿನಲ್ಲಿ ಹಿಂದಲೆಯ ಲಯದ ವೇಗ, ಕಣ್ಣು ತೆರೆದಾಗಿನ ಪ್ರತಿಕ್ರಿಯೆ, ಫಿಟ್ಸ್ ಸುಳಿವು ಇದ್ದರೆ ಅದು, ಇಷ್ಟೇ ಇರುತ್ತದೆ. ಕನೆಕ್ಟಿವಿಟಿ ಅಂಕಿ ನಮ್ಮ ಕಡತದಲ್ಲೇ ಉಳಿದು, ವರ್ಷದ ಮೇಲೆ ಅದೇ ಯಂತ್ರ, ಅದೇ ಹೊತ್ತು, ಅದೇ ಮಾತ್ರೆಗಳಲ್ಲಿ ಮತ್ತೆ ತೆಗೆದಾಗ ಅವರದೇ ಹಳೆಯ ಅಂಕಿಯ ಪಕ್ಕಕ್ಕೆ ಬರುತ್ತದೆ.